ದಾರಿ ಮಧ್ಯೆ ಗಾಡಿಯ ಬೆಲ್ಟ್ ಕಟ್ಟಾದರೆ ಏನು ಮಾಡಬೇಕು?



ಈಗ ನಮ್ಮ ಸಂಘಗಳ ಕೈಯಲ್ಲೂ ಗಾಡಿಗಳಿವೆ. ಕೆಲವು ಗುಂಪುಗಳು ಸಾಲ ಮಾಡಿ ಪಿಕಪ್ ಕೊಂಡಿವೆ. ಸ್ಕೂಟರ್ ಅಂತೂ ಮನೆಗೊಂದು ಎನ್ನುವ ಹಾಗಾಗಿದೆ. ಗಾಡಿ ಕೊಳ್ಳುವಾಗ ಕಂತು ಎಷ್ಟು, ಬಡ್ಡಿ ಎಷ್ಟು, ಇನ್ಶೂರೆನ್ಸ್ ಎಷ್ಟು ಎಂದು ಎರಡು ಮೂರು ವಾರದ ಸಭೆಯಲ್ಲಿ ಚರ್ಚೆ ಮಾಡುತ್ತೇವೆ. ಬಾನೆಟ್ ಒಳಗೆ ಏನಿದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. "ಅದೆಲ್ಲ ಡ್ರೈವರ್ ನೋಡಿಕೊಳ್ತಾನೆ" ಅಂತ ಬಿಟ್ಟುಬಿಡುತ್ತೇವೆ. ನಾವೂ ಹಾಗೇ ಬಿಟ್ಟಿದ್ದೆವು.

2014ರ ನವೆಂಬರ್ ತಿಂಗಳು. ನಮ್ಮ ಗುಂಪು ಹಳೆಯ ಡೀಸೆಲ್ ಪಿಕಪ್ ಒಂದನ್ನು ಸಾಲ ಮಾಡಿ ಕೊಂಡು ಆರು ತಿಂಗಳಾಗಿತ್ತು. ಹದಿನಾಲ್ಕು ಮಂದಿ ಸದಸ್ಯೆಯರು ಒಬ್ಬರಿಗೊಬ್ಬರು ಜಾಮೀನು. ಉಪ್ಪಿನಕಾಯಿ, ಹಪ್ಪಳ, ಕಾಳುಮೆಣಸು ತುಂಬಿಕೊಂಡು ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿನ ಮಾರಾಟಕ್ಕೆ ಹೊರಟಿದ್ದೆವು. ಮುಂದೆ ಡ್ರೈವರ್ ಪಕ್ಕದಲ್ಲಿ ನಾನು ಮತ್ತು ನಮ್ಮ ಖಜಾಂಚಿ ಅಕ್ಕ. ಘಾಟಿ ಶುರುವಾಗಿ ಸ್ವಲ್ಪ ಹೊತ್ತಿಗೆ ಬಾನೆಟ್ ಒಳಗೆ "ಟಪ್" ಅಂತ ಒಂದು ಶಬ್ದ, ಆಮೇಲೆ ಏನೋ ಚಟಚಟ ಬಡಿದ ಹಾಗೆ. ಮೀಟರಿನಲ್ಲಿ ಬ್ಯಾಟರಿ ಚಿತ್ರದ ಕೆಂಪು ದೀಪ ಹತ್ತಿತು. ಗಾಡಿ ಮಾತ್ರ ಓಡುತ್ತಲೇ ಇತ್ತು.

ಡ್ರೈವರ್ ಹುಡುಗ "ಅಕ್ಕಾ, ಬೆಲ್ಟ್ ಹೋಯ್ತು ಅಂತ ಕಾಣ್ತದೆ, ನಿಲ್ಲಿಸ್ತೇನೆ" ಅಂದ. ನಾವಿಬ್ಬರೂ ಬೇಡ ಅಂದೆವು! "ಗಾಡಿ ಓಡ್ತಾ ಉಂಟಲ್ಲ, ಇಳಿಜಾರು ತಾನೇ, ಕೆಳಗೆ ಹೋಗಿ ನೋಡುವಾ. ಹತ್ತು ಗಂಟೆಗೆ ಸ್ಟಾಲ್ ತೆರೆಯಬೇಕು" ಅಂತ ಅವಸರ ಮಾಡಿದ್ದು ನಾವೇ. ಎರಡು ತಿರುವು ಇಳಿಯುವುದರೊಳಗೆ ಅವನ ಮುಖ ಬದಲಾಯಿತು. ಬ್ರೇಕ್ ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಸೀಟಿನಿಂದ ಅರ್ಧ ಎದ್ದು ನಿಂತು ಒತ್ತಿದರೂ ಗಾಡಿ ನಿಧಾನವಾಗುತ್ತದೆ ಅಷ್ಟೆ, ನಿಲ್ಲುವುದಿಲ್ಲ. ಪುಣ್ಯಕ್ಕೆ ಅವನು ಎರಡನೇ ಗೇರಿನಲ್ಲೇ ಇದ್ದ. ಮೊದಲನೇ ಗೇರಿಗೆ ಹಾಕಿ, ಹ್ಯಾಂಡ್ ಬ್ರೇಕನ್ನು ಸ್ವಲ್ಪಸ್ವಲ್ಪವೇ ಎಳೆದು, ಗುಡ್ಡದ ಬದಿಯ ಚರಂಡಿಯ ಅಂಚಿಗೆ ಗಾಡಿ ತಂದು ನಿಲ್ಲಿಸಿದ. ಇನ್ನೊಂದು ಬದಿಯಲ್ಲಿ ಏನಿದೆ ಎಂದು ಆ ದಾರಿ ಕಂಡವರಿಗೆ ಹೇಳಬೇಕಾಗಿಲ್ಲ.

ಬೆಲ್ಟ್ ಕಟ್ಟಾದದ್ದಕ್ಕೂ ಬ್ರೇಕಿಗೂ ಏನು ಸಂಬಂಧ? ಇದು ನನಗೆ ಆ ದಿನ ಗೊತ್ತಿರಲಿಲ್ಲ. ನಾನು ಮೆಕ್ಯಾನಿಕ್ ಅಲ್ಲ. ಆಮೇಲೆ ಗ್ಯಾರೇಜಿನಲ್ಲಿ ಕೇಳಿ ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬೆಲ್ಟ್ ಮಾಡುವ ಕೆಲಸ

ಹೊಲಿಗೆ ತರಬೇತಿ ಪಡೆದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಕಾಲಲ್ಲಿ ತುಳಿಯುವ ಮಿಷನ್‌ನಲ್ಲಿ ಕೆಳಗೊಂದು ದೊಡ್ಡ ಚಕ್ರ, ಮೇಲೊಂದು ಸಣ್ಣ ಚಕ್ರ, ನಡುವೆ ಚರ್ಮದ ಬೆಲ್ಟ್. ಬೆಲ್ಟ್ ಜಾರಿದರೆ ಕಾಲು ತುಳಿಯುತ್ತಲೇ ಇರುತ್ತದೆ, ಸೂಜಿ ಮಾತ್ರ ಅಲ್ಲಾಡುವುದಿಲ್ಲ. ಗಾಡಿಯಲ್ಲೂ ಹೀಗೇ. ಇಂಜಿನ್ನಿನ ತುದಿಯಲ್ಲಿ ಒಂದು ಪುಲ್ಲಿ ತಿರುಗುತ್ತಿರುತ್ತದೆ. ಅದರಿಂದ ರಬ್ಬರ್ ಬೆಲ್ಟ್ ಒಂದು ಬೇರೆ ಬೇರೆ ಪುಲ್ಲಿಗಳನ್ನು ತಿರುಗಿಸುತ್ತದೆ. ಹಳೆಯವರು ಇದನ್ನು ಫ್ಯಾನ್ ಬೆಲ್ಟ್ ಅನ್ನುತ್ತಾರೆ, ಯಾಕೆಂದರೆ ಮೊದಲಿನ ಗಾಡಿಗಳಲ್ಲಿ ರೇಡಿಯೇಟರ್ ಹಿಂದಿನ ಫ್ಯಾನ್ ತಿರುಗುವುದು ಇದರಿಂದಲೇ.

ಈ ಬೆಲ್ಟಿನಿಂದ ನಡೆಯುವ ದೊಡ್ಡ ಕೆಲಸ ವಾಟರ್ ಪಂಪಿನದ್ದು. ಇಂಜಿನ್ನಿನ ಬಿಸಿ ನೀರನ್ನು ರೇಡಿಯೇಟರಿಗೆ ಕಳಿಸಿ, ತಣ್ಣಗಾದದ್ದನ್ನು ಒಳಗೆ ತರುವುದು ಈ ಪಂಪು. ಪಂಪು ನಿಂತರೆ ರೇಡಿಯೇಟರ್ ತುಂಬ ನೀರಿದ್ದರೂ ಪ್ರಯೋಜನವಿಲ್ಲ, ಅದು ಇದ್ದಲ್ಲೇ ಕುದಿಯುತ್ತದೆ. ಎರಡನೆಯದು ಡೈನಮೋ, ಅಂದರೆ ಆಲ್ಟರ್ನೇಟರ್. ಬ್ಯಾಟರಿ ಚಾರ್ಜ್ ಮಾಡುವುದು ಇದು. ಬೆಲ್ಟ್ ಹೋದ ಕೂಡಲೇ ಬ್ಯಾಟರಿಯ ಕೆಂಪು ದೀಪ ಹತ್ತುವುದು ಇದೇ ಕಾರಣಕ್ಕೆ. ಪವರ್ ಸ್ಟೇರಿಂಗ್ ಇರುವ ಹಲವು ಗಾಡಿಗಳಲ್ಲಿ ಅದರ ಪಂಪಿಗೂ ಇದೇ ಬೆಲ್ಟ್. ಬೆಲ್ಟ್ ಇಲ್ಲದಿದ್ದರೆ ಸ್ಟೇರಿಂಗ್ ಸೇದುವ ಬಾವಿಯ ಹಗ್ಗದ ಹಾಗೆ ಭಾರ.

ಇನ್ನು ಬ್ರೇಕಿನ ವಿಷಯ. ನಾವು ಪೆಡಲ್ ಮೆಲ್ಲನೆ ಒತ್ತಿದರೂ ಗಾಡಿ ನಿಲ್ಲಲು ಬೂಸ್ಟರ್ ಎಂಬ ಡಬ್ಬಿ ಸಹಾಯ ಮಾಡುತ್ತದೆ. ಅದು ಕೆಲಸ ಮಾಡಲು ಒಳಗಿನ ಗಾಳಿಯನ್ನು ಹೀರಿ ತೆಗೆಯಬೇಕು. ಹಾಗೆ ಹೀರುವ ವ್ಯಾಕ್ಯೂಮ್ ಪಂಪು ನಮ್ಮಲ್ಲಿ ಓಡುವ ಹಲವು ಡೀಸೆಲ್ ಜೀಪು, ಪಿಕಪ್‌ಗಳಲ್ಲಿ ಡೈನಮೋದ ಬೆನ್ನಿಗೇ ಕೂತಿರುತ್ತದೆ. ಬೆಲ್ಟ್ ಹೋದರೆ ಡೈನಮೋ ನಿಂತಿತು, ಡೈನಮೋ ನಿಂತರೆ ಆ ಪಂಪೂ ನಿಂತಿತು. ಬೂಸ್ಟರಿನಲ್ಲಿ ಉಳಿದ ಬಲ ಎರಡು ಮೂರು ಸಲ ಪೆಡಲ್ ಒತ್ತುವಷ್ಟರಲ್ಲಿ ಮುಗಿಯುತ್ತದೆ. ಆಮೇಲೆ ಬ್ರೇಕ್ ಇರುತ್ತದೆ, ಆದರೆ ಪೂರ್ತಿ ಕಾಲಿನ ಬಲದಿಂದಲೇ ನಿಲ್ಲಿಸಬೇಕು. ಘಾಟಿಯಲ್ಲಿ ನಮಗಾದದ್ದು ಇದೇ. ಬೆಲ್ಟ್ ಹೋದ ಮೊದಲ ನಿಮಿಷದಲ್ಲಿ ನಿಲ್ಲಿಸಿದ್ದರೆ ಆ ಎರಡು ಮೂರು ಒತ್ತುಗಳೇ ಸಾಕಾಗುತ್ತಿದ್ದವು. ನಮ್ಮ ಅವಸರಕ್ಕೆ ಅವನ್ನು ತಿರುವುಗಳಲ್ಲಿ ಖರ್ಚು ಮಾಡಿಬಿಟ್ಟೆವು.

ಆದ್ದರಿಂದ ಕೆಂಪು ದೀಪ ಹತ್ತಿದಾಗ "ಓಡ್ತಾ ಉಂಟಲ್ಲ" ಎನ್ನುವ ಮಾತು ಬೇಡ. ಹಳೆಯ ಡೀಸೆಲ್ ಇಂಜಿನ್ ಒಮ್ಮೆ ಚಾಲೂ ಆದ ಮೇಲೆ ಕರೆಂಟು ಇಲ್ಲದಿದ್ದರೂ ಓಡುತ್ತದೆ. ಹಾಗಾಗಿ ಏನೂ ಆಗಿಲ್ಲ ಅಂತ ಕಾಣುವುದು. ಪೆಟ್ರೋಲ್ ಗಾಡಿ ಮತ್ತು ಹೊಸ ಡೀಸೆಲ್ ಗಾಡಿಗಳಿಗೆ ಕರೆಂಟು ಬೇಕೇ ಬೇಕು. ಬ್ಯಾಟರಿ ಇರುವಷ್ಟು ಹೊತ್ತು ಓಡಿ ನಿಲ್ಲುತ್ತವೆ.

ನಿಲ್ಲಿಸುವುದು ಎಲ್ಲಿ, ಹೇಗೆ?

ಗೇರು ಇಳಿಸಿ ವೇಗ ಕಡಿಮೆ ಮಾಡಬೇಕು. ಬ್ರೇಕನ್ನು ಪಟಪಟ ಅಂತ ಹತ್ತಾರು ಸಲ ಒತ್ತಬಾರದು, ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಡೀಸೆಲ್ ಉಳಿಯುತ್ತದೆ, ಇಂಜಿನ್ ಬಿಸಿಯಾಗುವುದಿಲ್ಲ ಅಂತ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ, ಕೀ ಆಫ್ ಮಾಡಿ ಬಿಡುವವರಿದ್ದಾರೆ. ಇದಕ್ಕಿಂತ ಕೆಟ್ಟ ಕೆಲಸ ಇಲ್ಲ. ಗಾಡಿಯನ್ನು ಹಿಡಿಯುವ ಇಂಜಿನ್ನಿನ ಬಲವೂ ಹೋಗುತ್ತದೆ, ಕೀ ತೆಗೆದರೆ ಸ್ಟೇರಿಂಗ್ ಲಾಕ್ ಆಗುವ ಅಪಾಯವೂ ಇದೆ.

ತಿರುವು ದಾಟಿ, ಹಿಂದಿನಿಂದ ಬರುವವರಿಗೆ ದೂರದಿಂದಲೇ ಕಾಣುವ ಜಾಗದಲ್ಲಿ ರಸ್ತೆಯ ಎಡಕ್ಕೆ ನಿಲ್ಲಿಸಿ. ನಾಲ್ಕೂ ಇಂಡಿಕೇಟರ್ ಹಾಕಿ. ಚಕ್ರಕ್ಕೆ ಕಲ್ಲು ಕೊಡಿ. ಹಿಂದುಗಡೆ ಸ್ವಲ್ಪ ದೂರದಲ್ಲಿ ಕೆಂಪು ತ್ರಿಕೋನ ಇಡಿ, ಇಲ್ಲದಿದ್ದರೆ ಸೊಪ್ಪಿನ ಕೊಂಬೆ. ಹೊರಡುವಾಗ ಆ ಕಲ್ಲು, ಕೊಂಬೆ ತೆಗೆದು ಬದಿಗೆ ಹಾಕಲು ಮರೆಯಬೇಡಿ. ಯಾರೋ ಬಿಟ್ಟುಹೋದ ಕಲ್ಲಿಗೆ ರಾತ್ರಿ ಬೈಕಿನವರು ಬಿದ್ದ ಸುದ್ದಿ ನಾವೆಲ್ಲ ಕೇಳಿದ್ದೇವೆ. ಗಾಡಿಯಲ್ಲಿದ್ದವರು ಇಳಿದು ರಸ್ತೆಯಿಂದ ಹೊರಗೆ ನಿಲ್ಲಬೇಕು. ಗಾಡಿಯ ಹಿಂದೆ ನಿಂತು ಮಾತಾಡುವುದು, ಅದರ ನೆರಳಲ್ಲಿ ಕೂತು ಬುತ್ತಿ ಬಿಚ್ಚುವುದು ಬೇಡ.

ಕತ್ತಲಾಗಿದ್ದರೆ, ಜಾಗ ಸರಿ ಕಾಣದಿದ್ದರೆ 112ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033 ಕೂಡ ಇದೆ. ಘಾಟಿಯಲ್ಲಿ ನೆಟ್‌ವರ್ಕ್ ಸಿಗದ ಜಾಗ ಬಹಳ. ಆಗ ಬರುವ ಬಸ್ಸಿಗೆ ಕೈ ಮಾಡಿ, ಕಂಡಕ್ಟರ್ ಹತ್ತಿರ ವಿಷಯ ಹೇಳಿ ಕಳಿಸುವುದು ಒಳ್ಳೆಯದು.

ಬಾನೆಟ್ ತೆರೆಯುವ ಮೊದಲು

ಇಂಜಿನ್ ಆಫ್, ಕೀ ತೆಗೆದು ಕೈಯಲ್ಲಿ. ಹೊಸ ಗಾಡಿಗಳಲ್ಲಿ ಫ್ಯಾನ್ ಕರೆಂಟಿನಿಂದ ತಿರುಗುತ್ತದೆ. ಕೆಲವು ಸಲ ಇಂಜಿನ್ ಆಫ್ ಮಾಡಿದ ಮೇಲೂ ಬಿಸಿ ಇದ್ದರೆ ತಾನಾಗಿ ತಿರುಗಲು ಶುರುಮಾಡುತ್ತದೆ. ಅದರ ಹತ್ತಿರ ಕೈ ಹಾಕಬೇಡಿ. ಸೆರಗು ಸೊಂಟಕ್ಕೆ ಸಿಕ್ಕಿಸಿ, ದುಪಟ್ಟಾ ತೆಗೆದಿಡಿ, ಜಡೆ ಕಟ್ಟಿಕೊಳ್ಳಿ. ಹಿಟ್ಟಿನ ಗಿರಣಿಯ ಬೆಲ್ಟಿಗೆ ಸೆರಗು ಸಿಕ್ಕಿ ಆದ ಅನಾಹುತ ಕೇಳಿದವರಿಗೆ ಇದನ್ನು ಎರಡನೇ ಸಲ ಹೇಳಬೇಕಾಗಿಲ್ಲ.

ರೇಡಿಯೇಟರ್ ಮುಚ್ಚಳವನ್ನು ಕೂಡಲೇ ತೆರೆಯಬಾರದು. ಇದು ಮನೆಯ ಪ್ರೆಶರ್ ಕುಕ್ಕರ್ ಇದ್ದ ಹಾಗೆ. ಸೀಟಿ ಇಳಿಯುವ ಮೊದಲು ಕುಕ್ಕರ್ ಮುಚ್ಚಳ ಯಾರಾದರೂ ತೆರೆಯುತ್ತೇವಾ? ಒತ್ತಡದಲ್ಲಿ ಕಾದ ನೀರು ಮುಚ್ಚಳ ಸಡಿಲವಾದ ಕೂಡಲೇ ಮುಖಕ್ಕೆ, ಎದೆಗೆ ಹಾರುತ್ತದೆ. ಅರ್ಧ ಗಂಟೆಯಾದರೂ ಕಾಯಿರಿ, ಬಹಳ ಬಿಸಿಯಾಗಿದ್ದರೆ ಇನ್ನೂ ಜಾಸ್ತಿ. ಮುಚ್ಚಳದ ಮೇಲೆ ದಪ್ಪ ಬಟ್ಟೆ ಹಾಕಿ, ಮುಖ ಹಿಂದೆ ಇಟ್ಟು, ಮೊದಲು ಸ್ವಲ್ಪವೇ ತಿರುಗಿಸಿ. ಬುಸ್ ಅನ್ನುವ ಶಬ್ದ ನಿಂತ ಮೇಲೆ ಪೂರ್ತಿ ತೆರೆಯಿರಿ. ಕಾದ ಇಂಜಿನ್ನಿಗೆ ತಣ್ಣೀರು ಒಮ್ಮೆಲೇ ಸುರಿಯಬೇಡಿ, ಕಾದ ಕಾವಲಿಗೆ ನೀರು ಬಿದ್ದರೆ ಆಗುವಂತೆ ಲೋಹ ಬಿರುಕು ಬಿಡಬಹುದು. ತಣಿದ ಮೇಲೆ ಸ್ವಲ್ಪಸ್ವಲ್ಪವಾಗಿ ಹಾಕಬೇಕು. ನೀರು ಪೂರ್ತಿ ಖಾಲಿಯಾಗಿದ್ದರೆ ಬಿಸಿ ತೋರಿಸುವ ಮುಳ್ಳು ಸರಿಯಾಗಿ ಏರದೆಯೂ ಇರಬಹುದು. ಆದ್ದರಿಂದ ಮುಳ್ಳು ಕೆಳಗಿದೆ ಎಂದು ನಂಬಿ ಕೂರಬೇಡಿ.

ಬೆಲ್ಟ್ ಹಾಕುವುದು

ಆ ದಿನ ನಮ್ಮ ಗಾಡಿಯಲ್ಲಿ ಬೇರೆ ಬೆಲ್ಟ್ ಇರಲಿಲ್ಲ. ಅಲ್ಲೇ ನಿಲ್ಲಿಸಿದ ಜೀಪಿನವರೊಬ್ಬರು "ಹಗ್ಗ ಕಟ್ಟಿ ನೋಡುವಾ" ಅಂದರು. ನೈಲಾನ್ ಹಗ್ಗ ಸುತ್ತಿ ಗಂಟು ಹಾಕಿ ಇಂಜಿನ್ ಚಾಲೂ ಮಾಡಿದರೆ ಒಂದು ನಿಮಿಷದಲ್ಲಿ ಜಾರಿ, ಕಾದು, ಕರಗಿ ಪುಲ್ಲಿಗೆ ಅಂಟಿಕೊಂಡಿತು. ಅದನ್ನು ಕೆರೆದು ತೆಗೆಯಲು ಅರ್ಧ ಗಂಟೆ. ಹಿಂದಿನ ಕಾಲದ ಡ್ರೈವರುಗಳು ಟ್ಯೂಬ್ ಕತ್ತರಿಸಿ, ಬಟ್ಟೆ ಹೆಣೆದು ಕಟ್ಟಿ ಗಾಡಿ ಮುಟ್ಟಿಸಿದ ಕತೆಗಳಿವೆ, ಸುಳ್ಳಲ್ಲ. ಅಗಲ ಗಾಡಿ ಇರುವ ಹಳೆಯ ಪುಲ್ಲಿಯಲ್ಲಿ, ಬಹಳ ನಿಧಾನವಾಗಿ, ಸ್ವಲ್ಪ ದೂರಕ್ಕೆ ಅದು ನಡೆದೀತು. ಈಗಿನ ಗೀರುಗೀರಿನ ಚಪ್ಪಟೆ ಬೆಲ್ಟ್ ಇರುವ ಗಾಡಿಗಳಲ್ಲಿ ಅದು ನಡೆಯುವ ಮಾತಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಹೊಸ ಸೀರೆ ಹರಿದು ಕಟ್ಟುವ ಬದಲು ಬಸ್ಸು ಹತ್ತಿ ಬೆಲ್ಟ್ ತರುವುದೇ ಮೇಲು.

ಕೊನೆಗೆ ಖಜಾಂಚಿ ಅಕ್ಕ ತುಂಡಾದ ಬೆಲ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿ ಉಜಿರೆಗೆ ಹೋದರು. ಬೆಲ್ಟಿನ ಬೆನ್ನ ಮೇಲೆ ಅದರ ನಂಬರು ಅಚ್ಚಾಗಿರುತ್ತದೆ. ನಮ್ಮದರಲ್ಲಿ ಅದು ಸವೆದು ಹೋಗಿತ್ತು, ಒಂದು ತುಂಡು ರಸ್ತೆಯಲ್ಲೇ ಬಿದ್ದು ಹೋಗಿತ್ತು. ಅಂಗಡಿಯಲ್ಲಿ ಅಂದಾಜಿಗೆ ಕೊಟ್ಟ ಬೆಲ್ಟ್ ತಂದು ನೋಡಿದರೆ ಉದ್ದ ಜಾಸ್ತಿ! ಪಾಪ, ಅವರು ಇನ್ನೊಂದು ಬಸ್ಸು ಹತ್ತಿ ಮತ್ತೊಮ್ಮೆ ಹೋಗಿ ಬಂದರು. ಬೆಲ್ಟಿನ ಬೆಲೆ ಕೆಲವು ನೂರು ರೂಪಾಯಿ. ನಾವು ಕಳೆದುಕೊಂಡದ್ದು ಒಂದು ದಿನದ ವ್ಯಾಪಾರ.

ಹಾಕುವುದು ಹಳೆಯ ಮಾದರಿಯ ಗಾಡಿಗಳಲ್ಲಿ ಕಷ್ಟವಲ್ಲ. ಮೊದಲು ಪುಲ್ಲಿಗಳನ್ನು ಒಂದೊಂದಾಗಿ ಕೈಯಲ್ಲಿ ತಿರುಗಿಸಿ ನೋಡಬೇಕು. ವಾಟರ್ ಪಂಪಿನದ್ದೋ ಡೈನಮೋದ್ದೋ ಬೇರಿಂಗ್ ಹಿಡಿದುಕೊಂಡು ಬೆಲ್ಟ್ ಕಟ್ಟಾಗಿದ್ದರೆ ಹೊಸ ಬೆಲ್ಟೂ ಅದೇ ದಾರಿ ಹಿಡಿಯುತ್ತದೆ. ತಿರುಗದಿದ್ದರೆ, ಕರಕರ ಅಂದರೆ ಮೆಕ್ಯಾನಿಕ್ ಬರಲೇಬೇಕು. ಎಲ್ಲ ಸರಿ ಇದ್ದರೆ ಡೈನಮೋದ ಬೋಲ್ಟುಗಳನ್ನು ಸ್ಪ್ಯಾನರಿನಿಂದ ಸಡಿಲಿಸಿ. ಒಂದು ಬೋಲ್ಟ್ ಉದ್ದ ಸೀಳು ಇರುವ ಪಟ್ಟಿಯಲ್ಲಿ ಜಾರುವಂತಿರುತ್ತದೆ. ಡೈನಮೋವನ್ನು ಇಂಜಿನ್ ಕಡೆಗೆ ದೂಡಿ, ಬೆಲ್ಟನ್ನು ಎಲ್ಲ ಪುಲ್ಲಿಗಳ ಮೇಲೆ ಕೂರಿಸಿ. ಆಮೇಲೆ ಜಾಕ್ ರಾಡಿನಿಂದ ಡೈನಮೋವನ್ನು ಹೊರಗೆ ಮೀಟಿ ಹಿಡಿದು ಬೋಲ್ಟ್ ಬಿಗಿ ಮಾಡಬೇಕು. ಒಬ್ಬರು ಮೀಟುವುದು, ಇನ್ನೊಬ್ಬರು ಬಿಗಿಯುವುದು. ಅದಕ್ಕೇ ಈ ಕೆಲಸ ಗುಂಪಿನ ಇಬ್ಬರಾದರೂ ಕಲಿತಿರಬೇಕು ಅನ್ನುವುದು.

ಎಷ್ಟು ಬಿಗಿ? ಎರಡು ಪುಲ್ಲಿಗಳ ನಡುವಿನ ಉದ್ದದ ಜಾಗದಲ್ಲಿ ಹೆಬ್ಬೆರಳಿನಿಂದ ಒತ್ತಿದರೆ ಒಂದು, ಒಂದೂವರೆ ಸೆಂಟಿಮೀಟರ್ ತಗ್ಗಬೇಕು. ಸಡಿಲವಿದ್ದರೆ ಜಾರುತ್ತದೆ, ಕಿರುಚುತ್ತದೆ. ತೀರಾ ಬಿಗಿ ಮಾಡಿದರೆ ಬೇರಿಂಗುಗಳು ಹಾಳಾಗುತ್ತವೆ. ಹೊಸ ಬೆಲ್ಟ್ ಸ್ವಲ್ಪ ಎಳೆಯುತ್ತದೆ, ಆದ್ದರಿಂದ ಕೆಲವು ಕಿಲೋಮೀಟರ್ ಓಡಿದ ಮೇಲೆ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಮತ್ತೊಮ್ಮೆ ಒತ್ತಿ ನೋಡಿ. ಬೆಲ್ಟ್ ತಾನಾಗಿ ಬಿಗಿಯಾಗುವ ಟೆನ್ಷನರ್ ಇರುವ ಹೊಸ ಗಾಡಿಯಾದರೆ ಇದನ್ನೆಲ್ಲ ರಸ್ತೆಯಲ್ಲಿ ಮಾಡಲು ಹೋಗಬೇಡಿ.

ಇನ್ನೊಂದು ಬೆಲ್ಟ್ ಇದೆ, ಟೈಮಿಂಗ್ ಬೆಲ್ಟ್. ಅದು ಎಲ್ಲ ಗಾಡಿಗಳಲ್ಲಿ ಇರುವುದಿಲ್ಲ, ಇದ್ದರೂ ಮುಚ್ಚಳದ ಒಳಗೆ ಅಡಗಿರುತ್ತದೆ. ಅದು ಹೋದರೆ ಇಂಜಿನ್ ಒಮ್ಮೆಲೇ ನಿಂತುಬಿಡುತ್ತದೆ. ಆಗ ಮತ್ತೆ ಮತ್ತೆ ಸ್ಟಾರ್ಟ್ ಮಾಡಲು ನೋಡಬಾರದು, ದೂಡಿ ಸ್ಟಾರ್ಟ್ ಮಾಡುವುದೂ ಬೇಡ. ಒಳಗಿನ ವಾಲ್ವಿಗೆ ಪಿಸ್ಟನ್ ಬಡಿದು ಇನ್ನಷ್ಟು ಮುರಿಯಬಹುದು. ಗ್ಯಾರೇಜಿಗೆ ಎತ್ತಿಕೊಂಡೇ ಹೋಗಬೇಕು.

"ಸ್ವಲ್ಪ ದೂರ ತಾನೇ" ಅಂತ ಓಡಿಸಿದರೆ?

ವಾಟರ್ ಪಂಪು ನಿಂತ ಇಂಜಿನ್ನನ್ನು ಓಡಿಸಿದರೆ ಮೊದಲು ಹೋಗುವುದು ಹೆಡ್ ಗ್ಯಾಸ್ಕೆಟ್. ಹೆಡ್ ಡೊಂಕಾಗಬಹುದು, ಕೊನೆಗೆ ಪಿಸ್ಟನ್ನೇ ಹಿಡಿದುಕೊಳ್ಳಬಹುದು. ಆಗ ಖರ್ಚು ನೂರರಲ್ಲಿ ಅಲ್ಲ, ಸಾವಿರ ಸಾವಿರಗಳಲ್ಲಿ. ಗಾಡಿ ತಿಂಗಳುಗಟ್ಟಲೆ ಗ್ಯಾರೇಜಿನಲ್ಲಿ ನಿಂತರೂ ಕಂತು ನಿಲ್ಲುವುದಿಲ್ಲ. ಇನ್ಶೂರೆನ್ಸ್ ಇದೆಯಲ್ಲ ಅನ್ನಬೇಡಿ. ಸಾಮಾನ್ಯ ವಾಹನ ವಿಮೆ ಅಪಘಾತಕ್ಕೆ, ಕಳ್ಳತನಕ್ಕೆ. ಯಂತ್ರ ಸವೆದು ಕೆಟ್ಟದ್ದಕ್ಕೆ, ಕೆಟ್ಟ ಮೇಲೂ ಓಡಿಸಿ ಮಾಡಿಕೊಂಡ ನಷ್ಟಕ್ಕೆ ಅದು ಹಣ ಕೊಡುವುದಿಲ್ಲ. ದಾರಿಯಲ್ಲಿ ಕೆಟ್ಟರೆ ಸಹಾಯಕ್ಕೆ ಬರುವ ಸೌಲಭ್ಯವನ್ನು ಬೇರೆ ಹಣ ಕಟ್ಟಿ ಸೇರಿಸಿಕೊಳ್ಳಬಹುದು. ಪಾಲಿಸಿ ನವೀಕರಿಸುವಾಗ ಅದನ್ನು ಕೇಳಿ ತಿಳಿದುಕೊಳ್ಳಿ.

ಸ್ಕೂಟರ್ ಇರುವವರಿಗೆ

ಗೇರಿಲ್ಲದ ಸ್ಕೂಟರಿನಲ್ಲೂ ಎಡಬದಿಯ ಮುಚ್ಚಳದೊಳಗೆ ಒಂದು ಬೆಲ್ಟ್ ಇದೆ. ಇಂಜಿನ್ನಿನಿಂದ ಹಿಂದಿನ ಚಕ್ರಕ್ಕೆ ಬಲ ಹೋಗುವುದೇ ಅದರಿಂದ. ಅದು ಕಟ್ಟಾದರೆ ಇಂಜಿನ್ ಗುರ್ ಅನ್ನುತ್ತದೆ, ಸ್ಕೂಟರ್ ಮುಂದೆ ಹೋಗುವುದಿಲ್ಲ. ಮತ್ತೆ ಮತ್ತೆ ಎಕ್ಸಿಲರೇಟರ್ ತಿರುಗಿಸಬೇಡಿ, ಹರಿದ ತುಂಡುಗಳು ಒಳಗೆ ಸುತ್ತಿಕೊಂಡು ಹಿಂದಿನ ಚಕ್ರವನ್ನೇ ಹಿಡಿಯಬಹುದು. ಆಫ್ ಮಾಡಿ ದೂಡಿಕೊಂಡು ಹೋಗುವುದೊಂದೇ ದಾರಿ. ರಸ್ತೆ ಬದಿಯಲ್ಲಿ ಹಾಕುವ ಬೆಲ್ಟ್ ಅಲ್ಲ ಇದು. ಕಟ್ಟಾಗುವ ಮೊದಲು ಚಡಾವಿನಲ್ಲಿ ಎಳೆಯದಿರುವುದು, ಹೊರಡುವಾಗ ಜಗ್ಗುವುದು, ಎಡಬದಿಯಿಂದ ಪಟಪಟ ಶಬ್ದ ಬರುವುದು ಇತ್ಯಾದಿ ಸೂಚನೆ ಸಿಗುತ್ತದೆ. ಎಷ್ಟು ಕಿಲೋಮೀಟರಿಗೆ ಬದಲಿಸಬೇಕೆಂದು ಸ್ಕೂಟರಿನ ಜೊತೆ ಕೊಟ್ಟ ಪುಸ್ತಕದಲ್ಲಿದೆ. ಸೆಕೆಂಡ್ ಹ್ಯಾಂಡ್ ಕೊಂಡವರು ಒಮ್ಮೆ ತೆರೆಸಿ ನೋಡಿಸುವುದು ಒಳ್ಳೆಯದು, ಹಳೆಯ ಮಾಲೀಕರು ಹೇಳಿದ್ದನ್ನು ನಂಬಿ ಕೂರಬಾರದು.

ಪಿಕಪ್‌ನ ಬೆಲ್ಟನ್ನು ನೋಡುವುದು ಅದಕ್ಕಿಂತ ಸುಲಭ. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಟಾರ್ಚ್ ಹಿಡಿದು ನೋಡಿ. ಒಳಬದಿಯಲ್ಲಿ ಸಣ್ಣ ಸಣ್ಣ ಬಿರುಕು, ಅಂಚಿನಲ್ಲಿ ನೂಲು ಎದ್ದಿರುವುದು, ಬದಿ ಗಾಜಿನ ಹಾಗೆ ಹೊಳೆಯುವುದು ಕಂಡರೆ ಅದರ ಆಯುಸ್ಸು ಮುಗಿಯುತ್ತಾ ಬಂತು. ಆಯಿಲ್ ಸೋರಿ ಬೆಲ್ಟಿನ ಮೇಲೆ ಬೀಳುತ್ತಿದ್ದರೆ ರಬ್ಬರ್ ಬೇಗ ಹಾಳಾಗುತ್ತದೆ. ಸೋರಿಕೆ ನಿಲ್ಲಿಸದೆ ಬೆಲ್ಟ್ ಬದಲಿಸಿದರೆ ಹಣ ದಂಡ. ಮಳೆಗಾಲದ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ "ಕೀಂ" ಅಂತ ಕಿರುಚುವುದೂ ಒಂದು ಸೂಚನೆ. ನಮ್ಮ ಗಾಡಿ ಎರಡು ವಾರದಿಂದ ಹಾಗೇ ಕಿರುಚುತ್ತಿತ್ತು. ಅದಕ್ಕೆ ನಾವು ತಮಾಷೆ ಮಾಡುತ್ತಿದ್ದೆವು.

ಈಗ ನಮ್ಮ ಗುಂಪಿನಲ್ಲಿ ಹೀಗೆ ಮಾಡಿಕೊಂಡಿದ್ದೇವೆ. ಗಾಡಿಯ ಖಾತೆಯಿಂದಲೇ ಹಣ ತೆಗೆದು ಒಂದು ಹೊಸ ಬೆಲ್ಟ್ ತಂದು ಸೀಟಿನ ಕೆಳಗೆ, ಬಿಸಿಲು, ಆಯಿಲ್ ತಾಗದ ಹಾಗೆ ಕಟ್ಟಿ ಇಟ್ಟಿದ್ದೇವೆ. ಜೊತೆಗೆ ಡೈನಮೋ ಬೋಲ್ಟಿಗೆ ಕೂರುವ ಸ್ಪ್ಯಾನರುಗಳು, ಟಾರ್ಚು, ಐದು ಲೀಟರಿನ ಕ್ಯಾನಿನಲ್ಲಿ ನೀರು. ತಿಂಗಳ ಮೊದಲ ಸಭೆಯ ದಿನ ಇಬ್ಬರು ಸದಸ್ಯೆಯರು ಡ್ರೈವರ್ ಜೊತೆ ಬಾನೆಟ್ ತೆರೆದು ಬೆಲ್ಟ್ ಒತ್ತಿ ನೋಡುತ್ತಾರೆ. ಯಾರು ನೋಡಿದರು, ಹೇಗಿತ್ತು ಎಂದು ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕುತ್ತಾರೆ. ಡ್ರೈವರ್ ನಿಲ್ಲಿಸುತ್ತೇನೆ ಅಂದರೆ ಗಾಡಿಯಲ್ಲಿದ್ದ ಯಾವ ಸದಸ್ಯೆಯೂ ಬೇಡ ಅನ್ನಬಾರದು ಎಂಬ ಒಂದು ನಿರ್ಣಯವೂ ಅದೇ ಪುಸ್ತಕದಲ್ಲಿದೆ. ಅದನ್ನು ಬರೆಸಿದ್ದು ನಾನು ಮತ್ತು ಖಜಾಂಚಿ ಅಕ್ಕ. ಬೆಲ್ಟಿನ ನಂಬರನ್ನು ಆ ಪುಸ್ತಕದ ಮೊದಲ ಪುಟದಲ್ಲಿ, ಡ್ರೈವರ್ ಫೋನಿನಲ್ಲಿ, ಮತ್ತೆ ಬಾನೆಟ್ಟಿನ ಒಳಬದಿಗೆ ಬಿಳಿ ಪೇಂಟಿನಲ್ಲಿ ಬರೆದಿದ್ದೇವೆ. ಖಜಾಂಚಿ ಅಕ್ಕ ಅಷ್ಟಕ್ಕೂ ತೃಪ್ತಿಯಾಗದೆ ತಮ್ಮ ಪರ್ಸಿನಲ್ಲೂ ಒಂದು ಚೀಟಿ ಇಟ್ಟುಕೊಂಡಿದ್ದಾರೆ.